ಉಂಗುರ ಬಾರದ ಬಟ್ಟೆ

ಜುಲೈ ೬, ಭಾನುವಾರ
ಮನೆಯಿಂದ

ರೀ,

ಬೇರೆ ಯಾವ ಸಂಬೋಧನೆಯೂ ಕೈಗೆ ಬರಲಿಲ್ಲ. 'ಪ್ರಿಯ' ಎಂದು ಬರೆದರೆ ನೀವು ನಗುತ್ತೀರಿ, 'ಮಾನ್ಯರೇ' ಎಂದರೆ ನಾನೇ ನಗುತ್ತೇನೆ. ಮದುವೆಯಾದಂದಿನಿಂದ ಹೀಗೇ ಕರೆದದ್ದು. ನೀವು ಮನೆ ಬಿಟ್ಟು ಹೋದಿರೆಂದು ಆ ಒಂದಕ್ಷರವೂ ಮನೆ ಬಿಡಲಿಲ್ಲ. ಈಗಲೂ ಸಾಬೂನು ತೀರಿದರೆ ಬಚ್ಚಲಿನಿಂದ 'ರೀ' ಎಂದು ಕೂಗಿಬಿಡುತ್ತೇನೆ. ಅತ್ತೆ ಬಂದು ಸಾಬೂನು ಕೊಟ್ಟು ಹೋಗುತ್ತಾರೆ, ಏನೂ ಕೇಳಿಸದವರ ಹಾಗೆ.

ನಾವಿಬ್ಬರೂ ಕ್ಷೇಮ. ನಿಮ್ಮ ಕ್ಷೇಮ ನನಗೆ ತಿಳಿಯುತ್ತಲೇ ಇರುತ್ತದೆ. ನೀವು ಬರೆಯುವ ಪತ್ರಗಳನ್ನು ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ಪಕ್ಕದ ಮನೆಗೂ ಕೇಳುವಷ್ಟು ಜೋರಾಗಿ ಓದುತ್ತಾರೆ. ಜೋರಾಗಿ ಓದಿದರೇ ತಮಗೆ ಅರ್ಥವಾಗುವುದಂತೆ. ನಾನು ತರಕಾರಿ ಹೆಚ್ಚುತ್ತ, ಕಿವಿ ಅಲ್ಲಿಟ್ಟು ಕಣ್ಣು ಇಲ್ಲಿಟ್ಟುಕೊಂಡಿರುತ್ತೇನೆ. ಹೋದ ವಾರದ ಪತ್ರದ ಕೊನೆಯಲ್ಲಿ 'ಬಟ್ಟೆಯ ಕೆಲಸ ಏನಾಯಿತಂತೆ?' ಎಂದು ಒಂದು ಸಾಲಿತ್ತು. ಆ ಸಾಲನ್ನು ಅತ್ತೆ ಎರಡು ಸಲ ಓದಿದರು. ಉತ್ತರವನ್ನು ಅವರ ಕೈಗೇ ಬಿಟ್ಟರೆ ಬಟ್ಟೆಯ ಕಥೆ ಬಿಟ್ಟು ನಾನು ಸೊರಗಿದ ಕಥೆ ಬರೆಯುತ್ತಾರೆ. ಅದಕ್ಕೇ ನಾನೇ ಪೆನ್ನು ಹಿಡಿದೆ.

ಮೊದಲೇ ಹೇಳಿಬಿಡುತ್ತೇನೆ, ಗೆದ್ದೆವು. ಆದರೆ ಹೇಗೆ ಗೆದ್ದೆವು ಎನ್ನುವುದನ್ನು ನೀವು ಪೂರ್ತಿ ಕೇಳಬೇಕು. ಗೊತ್ತಿರುವ ಭಾಗವನ್ನೂ ಓದಬೇಕು, ಏಕೆಂದರೆ ಅದನ್ನು ನನ್ನ ಬಾಯಿಂದ ನೀವು ಕೇಳಿಯೇ ಇಲ್ಲ.

ನೀವು ಕೋಟಿಂಗ್ ವಿಭಾಗದ ಮುಖ್ಯಸ್ಥರಾಗಿದ್ದಿರಿ, ನಾನು ಅದೇ ಮಿಲ್ಲಿನ ಲ್ಯಾಬಿನಲ್ಲಿದ್ದೆ. ನಮ್ಮ ಫಿಲ್ಟರ್ ಬಟ್ಟೆಯ ಚೀಲಗಳು ಊರಿನ ನೀರಿನ ಘಟಕದ ಕೊನೆಯ ತೊಟ್ಟಿಗಳಲ್ಲಿ ಸಾಲಾಗಿ ಇಳಿಬಿದ್ದಿರುತ್ತಿದ್ದವು. ಮರಳಿಗೆ ಸಿಗದ ಸಣ್ಣ ಕೊಳೆಯನ್ನು ಅವು ಹಿಡಿಯಬೇಕಿತ್ತು, ಹಿಡಿಯುತ್ತಲೂ ಇದ್ದವು. ತೊಂದರೆ ಅಲ್ಲಿಂದಲೇ ಶುರು. ಆ ಕೊಳೆಯನ್ನು ತಿಂದುಕೊಂಡು ಕ್ರಿಮಿಗಳು ಬಟ್ಟೆಯ ಮೇಲೆಯೇ ಸಂಸಾರ ಹೂಡುತ್ತಿದ್ದವು, ಲೋಳೆ ಕಟ್ಟುತ್ತಿತ್ತು, ನೀರನ್ನು ಸೋಸಬೇಕಾದ ಬಟ್ಟೆಯೇ ನೀರನ್ನು ಕೆಡಿಸುತ್ತಿತ್ತು. ಇದಕ್ಕೆ ಮದ್ದೆಂದು ನೀವು ಬೆಳ್ಳಿಯ ಲೇಪ ತಯಾರಿಸಿದಿರಿ. ಕ್ರಿಮಿ ಬೆಳೆಸಿದ ಗಾಜಿನ ತಟ್ಟೆಯ ನಡುವೆ ಆ ಬಟ್ಟೆಯ ತುಣುಕಿಟ್ಟರೆ, ಮರುದಿನ ಅದರ ಸುತ್ತ ಒಂದು ತಿಳಿಯಾದ ಉಂಗುರ ಮೂಡಿರುತ್ತಿತ್ತು. ಉಂಗುರದೊಳಗೆ ಒಂದು ಕ್ರಿಮಿಯೂ ಇಲ್ಲ. ಮಾಲೀಕರು ಬಂದವರಿಗೆಲ್ಲ ಆ ತಟ್ಟೆ ತೋರಿಸುತ್ತಿದ್ದರು. ನೀವು ಪಕ್ಕದಲ್ಲಿ ಕೈಕಟ್ಟಿ ನಿಂತಿರುತ್ತಿದ್ದಿರಿ. ಆಗ ನಿಮ್ಮ ಮುಖ ನೋಡಲು ನನಗೂ ಇಷ್ಟವಿತ್ತು.

ಆದರೆ ನಾನು ಆ ಬಟ್ಟೆಯನ್ನು ತೊಳೆದು ತೊಳೆದು ನೋಡುತ್ತಿದ್ದೆ. ಪ್ರತಿ ತೊಳೆತಕ್ಕೂ ಉಂಗುರ ಸಣ್ಣದಾಗುತ್ತ ಬಂತು. ಬೆಳ್ಳಿಯೆಲ್ಲ ತೊಳೆದ ನೀರಿನಲ್ಲಿತ್ತು. ಅಂದರೆ ತೊಟ್ಟಿಗೆ ಇಳಿಸಿದರೆ ಅದು ಕುಡಿಯುವವರ ಹೊಟ್ಟೆಗೆ ಹೋಗುತ್ತಿತ್ತು, ಬಟ್ಟೆ ಕೆಲವೇ ವಾರಗಳಲ್ಲಿ ಬರೀ ಬಟ್ಟೆಯಾಗುತ್ತಿತ್ತು. ಮಾಲೀಕರು ಇದನ್ನು ಹೆರಿಗೆ ಆಸ್ಪತ್ರೆಯ ತೊಟ್ಟಿಗೇ ಮೊದಲು ಕಳಿಸೋಣ ಎಂದ ದಿನ ನನಗೆ ಸುಮ್ಮನಿರಲಾಗಲಿಲ್ಲ. ಎಲ್ಲರೂ ಕೂತ ಸಭೆಯಲ್ಲಿ ತೊಳೆದ ತಟ್ಟೆಗಳನ್ನು ಸಾಲಾಗಿ ಜೋಡಿಸಿಟ್ಟೆ.

ನೀವು ಮೆಲ್ಲಗೆ ಕೇಳಿದಿರಿ, "ಇದನ್ನ ಮನೇಲಿ ಹೇಳಬಹುದಿತ್ತಲ್ಲ?"

ನಾನೂ ಮೆಲ್ಲಗೇ ಹೇಳಿದೆ, "ಮನೇಲೂ ಹೇಳಿದ್ದೆ. ನೀವು ಪೇಪರ್ ಓದ್ತಾ ಇದ್ರಿ."

ಇಡೀ ಕೋಣೆ ನಕ್ಕಿತು. ಮಾಲೀಕರಂತೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಿಮ್ಮ ಲೇಪದ ಸೋಲನ್ನು ನೀವು ಒಂದು ವಾರದಲ್ಲಿ ಅರಗಿಸಿಕೊಳ್ಳುತ್ತಿದ್ದಿರಿ, ನಾನು ಬಲ್ಲೆ. ಆ ನಗು ಮಾತ್ರ ನಿಮ್ಮ ಗಂಟಲಲ್ಲಿ ಸಿಕ್ಕಿಕೊಂಡಿತು. ಬೇರೆ ಊರಿನಲ್ಲಿ ಪಂಪು ಮಾಡುವ ಕಾರ್ಖಾನೆಯ ಕೆಲಸ ಹಿಡಿದು ಹೊರಟಿರಿ. ಅಮ್ಮನನ್ನೂ ಕರೆದಿರಿ. ಅತ್ತೆ ತಮ್ಮ ಹಾಸಿಗೆ ಈ ಮನೆಯಲ್ಲೇ ಸರಿಯಾಗಿದೆ, ಜಗಳ ಯಾರದೋ ಅವರೇ ಹೊತ್ತುಕೊಂಡು ತಿರುಗಲಿ ಎಂದುಬಿಟ್ಟರು. ಅಂದು ನಾನು ಆಡಿದ ಮಾತಿಗೆ ಕ್ಷಮೆ ಕೇಳಲು ಈ ಪತ್ರ ಬರೆಯುತ್ತಿಲ್ಲ. ಅದೇ ಸಭೆ ನಾಳೆ ಮತ್ತೆ ಕೂಡಿದರೂ ಅದೇ ತಟ್ಟೆಗಳನ್ನು ಇಡುತ್ತೇನೆ.

ನೀವು ಹೋದ ಮೇಲಿನದು ಹೊಸ ಕಥೆ.

ಬೆಳ್ಳಿಯ ಬಟ್ಟೆ ನಿಂತಿತು, ಹಳೆಯ ಬರಿ ಬಟ್ಟೆಯೇ ತೊಟ್ಟಿಗೆ ಹೋಯಿತು. ಆ ಬೇಸಿಗೆ ಲೋಳೆ ವಿಪರೀತ ಬೆಳೆಯಿತು. ನಲ್ಲಿ ನೀರು ಕೊಳದ ವಾಸನೆ ಹೊಡೆಯಿತು. ಕೆಳಗಿನ ಬೀದಿಯಲ್ಲಿ ಮನೆಮನೆಗೂ ವಾಂತಿ ಭೇದಿ. ನಮ್ಮ ಮಿಲ್ಲಿನಲ್ಲಿ ಚೀಲ ಹೊಲಿಯುವ ಹೆಂಗಸರಲ್ಲಿ ಹೆಚ್ಚಿನವರು ಆ ಬೀದಿಯವರೇ. ಎತ್ತರದ ದನಿಯ ಆ ದಪ್ಪ ಹೊಲಿಗೆಯವಳು ಗೊತ್ತಲ್ಲ, ನೀವು 'ಸೈರನ್' ಎನ್ನುತ್ತಿದ್ದಿರಿ, ಅವಳ ಮೊಮ್ಮಗಳು ಆಸ್ಪತ್ರೆ ಸೇರಿದಳು. ಮಗು ಉಳಿಯಿತು. ಕೆಲಸಕ್ಕೆ ಮರಳಿದ ದಿನ ಅವಳು ಹೊಲಿಯುತ್ತಿದ್ದ ಚೀಲವನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ಸೈರನ್ ಸುಮ್ಮನಿದ್ದದ್ದನ್ನು ನಾನು ಮೊದಲ ಸಲ ನೋಡಿದ್ದು ಅಂದು.

ನೀರಿನ ಘಟಕದ ಎಂಜಿನಿಯರಮ್ಮ ಬಂದು ಮಾಲೀಕರ ಎದುರೇ ಖಂಡಿತವಾಗಿ ಹೇಳಿದರು. ಮುಂದಿನ ಬೇಸಿಗೆಯೊಳಗೆ ಲೋಳೆ ಕಟ್ಟದ ಬಟ್ಟೆ ಕೊಡದಿದ್ದರೆ ಚೀಲಗಳನ್ನೆಲ್ಲ ಕಿತ್ತು ಹಾಕಿ ಬೇರೆ ವ್ಯವಸ್ಥೆ ಮಾಡಿಕೊಳ್ಳುತ್ತಾರಂತೆ. ಹಾಗಾದರೆ ಫಿಲ್ಟರ್ ವಿಭಾಗ ಮುಚ್ಚಬೇಕು, ಹೊಲಿಗೆಯವರೆಲ್ಲ ಮನೆಗೆ ಹೋಗಬೇಕು. ಮಾಲೀಕರು ನನ್ನ ಕಡೆ ತಿರುಗಿ, ತಪ್ಪು ತೋರಿಸುವುದು ಸುಲಭ, ಈಗ ಸರಿ ತೋರಿಸಮ್ಮ ಎಂದರು. ಮಾತು ಚುಚ್ಚಿತು. ಆದರೆ ಅವರು ಹೇಳಿದ್ದರಲ್ಲಿ ಅನ್ಯಾಯವೇನೂ ಇರಲಿಲ್ಲ.

ನನಗೆ ಬೇಕಾದದ್ದು ಬಟ್ಟೆ ಬಿಟ್ಟು ಹೋಗದ ಲೇಪ. ನೀರಿಗೆ ಇಳಿಯಬಾರದು, ನೂಲಿನಲ್ಲೇ ಬೇರು ಬಿಟ್ಟು ನಿಲ್ಲಬೇಕು, ಬಂದು ಕೂತ ಕ್ರಿಮಿಯನ್ನು ಕೂತಲ್ಲೇ ಮುಗಿಸಬೇಕು. ಅಂಥ ಪದಾರ್ಥ ಇದೆ. ಒಂದು ತುದಿ ನೂಲಿಗೆ ಅಂಟುತ್ತದೆ, ಇನ್ನೊಂದು ತುದಿ ಮುಳ್ಳಿನ ಹಾಗೆ ನಿಂತು ಕ್ರಿಮಿಯ ಸಿಪ್ಪೆಯನ್ನು ಸೀಳುತ್ತದೆ. ಅದನ್ನು ನಮ್ಮ ಒರಟು ಬಟ್ಟೆಗೆ ಹಿಡಿಸುವುದೇ ಕಷ್ಟ. ಬಿಸಿ ಹೆಚ್ಚಾದರೆ ಮುಳ್ಳು ಸುಟ್ಟುಹೋಗುತ್ತದೆ, ಕಡಿಮೆಯಾದರೆ ಅಂಟುವುದಿಲ್ಲ. ಮಳೆಗಾಲವೆಲ್ಲ ಅದರಲ್ಲೇ ಕಳೆಯಿತು. ಅತ್ತೆ ಊಟದ ಡಬ್ಬಿ ಹಿಡಿದು ಲ್ಯಾಬಿಗೇ ಬಂದು, ನಾನು ಉಣ್ಣುವ ತನಕ ಎದುರು ಸ್ಟೂಲಿನ ಮೇಲೆ ಕೂತಿರುತ್ತಿದ್ದರು. ಗಾಜಿನ ತಟ್ಟೆಗಳನ್ನು ನೋಡಿ, ಇಷ್ಟು ಕ್ರಿಮಿ ಸಾಕುವವಳು ಎರಡು ಕೋಳಿ ಸಾಕಿದ್ದರೆ ಮೊಟ್ಟೆಯಾದರೂ ಸಿಗುತ್ತಿತ್ತು ಎನ್ನುತ್ತಿದ್ದರು.

ಕೊನೆಗೆ ಲೇಪ ಹಿಡಿಯಿತು. ಮಾಲೀಕರು ಹೊರಗಿನಿಂದ ಒಬ್ಬ ಸಲಹೆಗಾರರನ್ನು ಕರೆಸಿದ್ದರು. ಕ್ರಿಮಿ ತುಂಬಿದ ತಟ್ಟೆಯ ನಡುವೆ ನನ್ನ ಬಟ್ಟೆಯ ತುಣುಕು. ಸುತ್ತ ಉಂಗುರವಿಲ್ಲ, ಉಂಗುರದ ನೆರಳೂ ಇಲ್ಲ, ಬಟ್ಟೆಯ ಅಂಚಿನವರೆಗೂ ಕ್ರಿಮಿಗಳು ಒತ್ತೊತ್ತಾಗಿ ಬೆಳೆದಿದ್ದವು. ಸಲಹೆಗಾರರು ತಟ್ಟೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ, ಇದರಲ್ಲಿ ಏನೂ ಇಲ್ಲ ಎಂದು ಕೆಳಗಿಟ್ಟರು. ಮಾಲೀಕರ ಮುಖ ಇಳಿಯಿತು. ನಾನು ಚಿಮುಟ ತೆಗೆದುಕೊಂಡು ಬಟ್ಟೆಯ ತುಣುಕನ್ನು ಎತ್ತಿದೆ. ಅದು ಕೂತಿದ್ದ ಜಾಗ ಕನ್ನಡಿಯ ಹಾಗೆ ತಿಳಿಯಾಗಿತ್ತು.

"ಉಂಗುರ ಬಂದ್ರೆ ಮದ್ದು ಬಟ್ಟೆ ಬಿಟ್ಟು ಹೋಗ್ತಿದೆ ಅಂತ ಅರ್ಥ ಸಾರ್," ಎಂದೆ. "ಇದು ಎಲ್ಲಿಗೂ ಹೋಗಲ್ಲ."

ಸಲಹೆಗಾರರು ಕುರ್ಚಿ ಎಳೆದುಕೊಂಡು ಕೂತರು. ಒಳ್ಳೆಯ ಮನುಷ್ಯ. ಅಂದು ಸಂಜೆಯವರೆಗೂ ಒಂದರ ಹಿಂದೊಂದು ತಟ್ಟೆ ತರಿಸಿ, ಎತ್ತಿ ಎತ್ತಿ ನೋಡಿದರು.

ಇಲ್ಲಿಗೇ ಕಥೆ ಮುಗಿದಿದ್ದರೆ ನಾನು ಒಬ್ಬಳೇ ಗೆದ್ದೆ ಎಂದು ಬರೆಯಬಹುದಿತ್ತು. ಮುಗಿಯಲಿಲ್ಲ. ಹೊಸ ಚೀಲಗಳನ್ನು ಒಂದು ತೊಟ್ಟಿಗೆ ಇಳಿಸಿದೆವು. ಮೊದಲು ಎಲ್ಲ ಚೆನ್ನಾಗಿತ್ತು. ಆಮೇಲೆ ಎಂಜಿನಿಯರಮ್ಮ ಹೇಳಿ ಕಳಿಸಿದರು, ನೀರು ಮತ್ತೆ ನಿಧಾನವಾಗಿದೆ, ಬಟ್ಟೆ ಮುಟ್ಟಿದರೆ ಲೋಳೆಯಾಗಿ ಜಾರುತ್ತಿದೆ ಎಂದು. ಓಡಿ ಹೋಗಿ ಒಂದು ಚೀಲ ಬಿಚ್ಚಿ ತಂದು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ನನ್ನ ಮುಳ್ಳುಗಳು ಕೆಲಸ ಮಾಡಿದ್ದವು. ಬಟ್ಟೆಯನ್ನು ಮುಟ್ಟಿದ ಕ್ರಿಮಿ ಸತ್ತಿತ್ತು. ಆದರೆ ಸತ್ತದ್ದು ಅಲ್ಲಿಂದ ಕದಲಿರಲಿಲ್ಲ. ಹೆಣಗಳೇ ಚಾಪೆಯಾಗಿದ್ದವು, ಆ ಚಾಪೆಯ ಮೇಲೆ ಜೀವಂತ ಕ್ರಿಮಿಗಳು ಆರಾಮವಾಗಿ ಕೂತಿದ್ದವು. ತೊಟ್ಟಿಯಲ್ಲಿ ದಿನವೂ ನೀರನ್ನು ಉಲ್ಟಾ ದಿಕ್ಕಿನಲ್ಲಿ ಹಾಯಿಸಿ ಚೀಲ ತೊಳೆಯುತ್ತಾರಲ್ಲ, ಅದಕ್ಕೂ ಅವು ಜಗ್ಗಿರಲಿಲ್ಲ. ಬಟ್ಟೆಯ ಮೇಲೆ ರೋಮದ ಹಾಗೆ ಎದ್ದಿರುವ ಎಳೆಗಳ ಪೊದೆಯಲ್ಲಿ ಅವು ಸಿಕ್ಕಿಬಿದ್ದಿದ್ದವು.

ಅಂದು ಮಧ್ಯಾಹ್ನ ಯಾರಿಗೂ ಮುಖ ತೋರಿಸಲು ಮನಸ್ಸಾಗದೆ ಹಿಂದಿನ ಉಗ್ರಾಣಕ್ಕೆ ಹೋಗಿ ಕೂತೆ. ಟಾರ್ಪಾಲು ಹೊದ್ದ ಯಾವುದೋ ಯಂತ್ರದ ಮೆಟ್ಟಿಲ ಮೇಲೆ. ಸ್ವಲ್ಪ ಅತ್ತುಬಿಟ್ಟೆ, ಅದನ್ನೂ ಬರೆಯುತ್ತೇನೆ. ಕಣ್ಣೊರೆಸಿಕೊಂಡು ಏಳುವಾಗ ಟಾರ್ಪಾಲಿನ ತುದಿ ಕಾಲಿಗೆ ಸಿಕ್ಕಿ ಜಾರಿತು. ಒಳಗಿದ್ದದ್ದು ನಿಮ್ಮ ಯಂತ್ರ. ಬಟ್ಟೆಯ ಮೇಲಿನ ಎಳೆಗಳನ್ನು ಜ್ವಾಲೆಯ ಮೇಲೆ ಹಾಯಿಸಿ ಸುಡುವ ಯಂತ್ರ. ನೀವು ಹಟ ಹಿಡಿದು ತರಿಸಿದಾಗ, ಬಟ್ಟೆಯ ಮಿಲ್ಲಿಗೆ ಬೆಂಕಿ ತಂದ ಮಹಾನುಭಾವರು ಎಂದು ಎಲ್ಲರೂ ಆಡಿಕೊಂಡಿದ್ದರು. ನಾನು ಅಲ್ಲೇ ನಿಂತು ಬಹಳ ಹೊತ್ತು ಅದನ್ನೇ ನೋಡಿದೆ. ಮೊದಲು ಎಳೆ ಸುಟ್ಟು ಬಟ್ಟೆಯನ್ನು ನುಣುಪು ಮಾಡಬೇಕು, ಆಮೇಲೆ ಲೇಪ ಕೊಡಬೇಕು. ಸತ್ತ ಕ್ರಿಮಿಗೆ ಹಿಡಿದುಕೊಳ್ಳಲು ಏನೂ ಸಿಗದಿದ್ದರೆ ತೊಳೆಯುವ ನೀರಿಗೆ ಜಾರಿ ಹೋಗಲೇಬೇಕು.

ಹೇಳಿದಷ್ಟು ಸುಲಭವಾಗಲಿಲ್ಲ. ನಿಮ್ಮ ವಿಭಾಗದ ಹಳೆಯ ಮೇಸ್ತ್ರಿ ಯಂತ್ರ ಒರೆಸಿ ಉರಿ ಹಚ್ಚಿದರು, ಮೊದಲ ಥಾನು ಬಟ್ಟೆ ತೂತು ಬಿದ್ದು ಜರಡಿಯಾಯಿತು. ಉರಿ ಕಡಿಮೆ ಮಾಡಿದರೆ ಎಳೆ ಸುಡದೆ ಬರೀ ಕಪ್ಪಾಗುತ್ತಿತ್ತು. ವಿಭಾಗದ ತುಂಬ ಸುಟ್ಟ ವಾಸನೆ. ಮಾಲೀಕರು ಬಾಗಿಲಲ್ಲಿ ನಿಂತು ಮೂಗು ಮುಚ್ಚಿಕೊಂಡು ನೋಡಿ ಹೋದರು. ಮೇಸ್ತ್ರಿ ನಿಮಗೆ ಫೋನ್ ಮಾಡಲೇ ಎಂದು ಕೇಳಿದರು. ನಾನು ಬೇಡ ಎಂದೆ. ಜೋರಾಗಿಯೇ ಹೇಳಿದೆ.

ಮರುದಿನ ಬೆಳಗ್ಗೆ ಅವರು ಸ್ವಂತ ಬುದ್ಧಿಗೆ ಹೊಳೆದವರಂತೆ ಬಂದು ಹೇಳಿದರು, "ಉರಿ ತಗ್ಗಿಸೋದು ಬೇಡಮ್ಮ. ಉರಿ ಹಾಗೇ ಇರಲಿ, ಬಟ್ಟೆ ಓಡಲಿ. ಬಟ್ಟೆಗೆ ಬೆಂಕಿ ಕಂಡಿದ್ದು ಗೊತ್ತಾಗಬಾರದು."

ರೀ, ಆ ಮೇಸ್ತ್ರಿ ಜನ್ಮದಲ್ಲಿ ಅಂಥ ಮಾತು ಆಡಿದವರಲ್ಲ. ಬಟ್ಟೆಗೆ ಏನು ಗೊತ್ತಾಗಬೇಕು, ಏನು ಗೊತ್ತಾಗಬಾರದು ಎಂದು ಯೋಚಿಸುವ ಮನುಷ್ಯ ಈ ಭೂಮಿಯ ಮೇಲೆ ಒಬ್ಬರೇ ಇರುವುದು. ನನಗೆ ತಕ್ಷಣ ಗೊತ್ತಾಯಿತು. ಗೊತ್ತಾದದ್ದನ್ನು ತೋರಿಸಿಕೊಳ್ಳಲಿಲ್ಲ. ಒಳ್ಳೆಯ ಯೋಚನೆ ಮೇಸ್ತ್ರಿ ಎಂದೆ, ಅವರು ಕಿವಿಯವರೆಗೂ ಕೆಂಪಾದರು. ಬಟ್ಟೆಯನ್ನು ಓಡಿಸಿದೆವು. ಇನ್ನೊಂದು ತುದಿಯಲ್ಲಿ ಬಂದದ್ದನ್ನು ಕೈಯಲ್ಲಿ ಸವರಿದರೆ ಕಾಗದದಷ್ಟು ನುಣುಪು.

ಚಳಿ ಕಳೆಯುವ ಹೊತ್ತಿಗೆ ಸುಟ್ಟು ಲೇಪ ಕೊಟ್ಟ ಚೀಲಗಳು ಒಂದು ತೊಟ್ಟಿಗೆ, ಹಳೆಯ ಬರಿ ಬಟ್ಟೆಯ ಹೊಸ ಚೀಲಗಳು ಪಕ್ಕದ ತೊಟ್ಟಿಗೆ ಇಳಿದವು. ಎರಡಕ್ಕೂ ಒಂದೇ ನೀರು, ಒಂದೇ ಬಿಸಿಲು, ಊರಿಗೆ ಹೋಗುತ್ತಿದ್ದದ್ದು ಮಾತ್ರ ನಮ್ಮ ತೊಟ್ಟಿಯ ನೀರು. ವಾರವಾರವೂ ಎರಡರ ನೀರು ಬೇರೆ ಊರಿನ ಲ್ಯಾಬಿಗೆ ಹೋಗುತ್ತಿತ್ತು, ನನ್ನ ಲ್ಯಾಬಿನ ಮಾತನ್ನು ನಾನೇ ನಂಬಬಾರದೆಂದು. ಕ್ರಿಮಿ ಎಷ್ಟಿದೆ ಎಂದು ಒಂದು ಪರೀಕ್ಷೆ, ನನ್ನ ಲೇಪ ನೀರಿಗೆ ಇಳಿದಿದೆಯೇ ಎಂದು ಇನ್ನೊಂದು. ಎರಡನೆಯದಕ್ಕೇ ನನಗೆ ಹೆಚ್ಚು ಭಯ. ಬೇಸಿಗೆ ಉರಿಯುತ್ತ ಹೋಯಿತು. ನಮ್ಮ ತೊಟ್ಟಿಯ ಎರಡೂ ವರದಿಗಳು ವಾರವಾರವೂ ಚೆನ್ನಾಗಿಯೇ ಬಂದವು. ಆದರೂ ತೊಟ್ಟಿ ಖಾಲಿ ಮಾಡಿ ಬಟ್ಟೆಯನ್ನು ಕಣ್ಣಿಂದ ನೋಡುವ ತನಕ ನನಗೆ ಅನ್ನ ಸೇರುತ್ತಿರಲಿಲ್ಲ.

ಆ ದಿನ ಎಂಜಿನಿಯರಮ್ಮ ಊರನ್ನೇ ಕರೆದಿದ್ದರು. ಬೈದವರೆಲ್ಲ ಬಂದು ನೋಡಲಿ ಎಂದು. ಕೆಳಗಿನ ಬೀದಿಯವರು, ಹೆರಿಗೆ ಆಸ್ಪತ್ರೆಯ ಹಿರಿಯ ನರ್ಸು, ನಮ್ಮ ಹೊಲಿಗೆಯವರು, ಮಾಲೀಕರು ಮತ್ತು ಅವರ ಹೊಸ ಕೋಟು. ಅತ್ತೆ ಬೇಡವೆಂದರೂ ಬಂದು ಹಿಂದೆ ಒಂದು ಪೈಪಿನ ಮೇಲೆ ಕೂತಿದ್ದರು. ಮೊದಲು ಬರಿ ಬಟ್ಟೆಯ ತೊಟ್ಟಿ ತೆರೆದರು. ಚೀಲ ಮೇಲಕ್ಕೆ ಬಂದಾಗ ಕಂದು ಬಣ್ಣದ ಲೋಳೆ ಅದರಿಂದ ಜೋತಾಡುತ್ತಿತ್ತು. ಜನ ಸೆರಗು, ಕರ್ಚೀಫು ಎಂದು ಸಿಕ್ಕಿದ್ದರಲ್ಲಿ ಮೂಗು ಮುಚ್ಚಿಕೊಂಡು ಹಿಂದೆ ಸರಿದರು. ಆಮೇಲೆ ನಮ್ಮ ತೊಟ್ಟಿ. ಸರಪಳಿ ಎಳೆದರು. ಚೀಲ ಮೇಲೆ ಬಂತು. ಇಳಿಸಿದಾಗ ಇದ್ದ ಬಿಳುಪಿರಲಿಲ್ಲ, ಬಳಸಿದ ಬಟ್ಟೆಯ ಬಣ್ಣಕ್ಕೆ ತಿರುಗಿತ್ತು. ಆದರೆ ಅದರಿಂದ ಇಳಿಯುತ್ತಿದ್ದದ್ದು ಬರೀ ನೀರು.

ಎಂಜಿನಿಯರಮ್ಮ ಬರಿಗೈಯಲ್ಲಿ ಚೀಲವನ್ನು ಮೇಲಿಂದ ಕೆಳಗೆ ಸವರಿದರು, ಅಂಗೈಯನ್ನು ಎಲ್ಲರಿಗೂ ತೋರಿಸಿದರು, ಮೂಸಿ ನೋಡಿದರು. ಆಮೇಲೆ ಹೊರಹೋಗುವ ನಲ್ಲಿಯಿಂದ ಒಂದು ಲೋಟ ನೀರು ಹಿಡಿದು ನಿಂತಲ್ಲೇ ಕುಡಿದರು. ಸೈರನ್ ಮುಂದೆ ಬಂದು, ಅದೇ ಲೋಟವನ್ನು ತೊಳೆಯದೆ ಹಿಡಿದು, ತಾನೂ ಕುಡಿದಳು. ಕುಡಿದು ತಿರುಗಿ ಒಂದು ಕೂಗು ಹಾಕಿದಳು ನೋಡಿ, ನಿಮ್ಮ ಊರಿಗೆ ಕೇಳಿಸಿರಬೇಕು. ಹೊಲಿಗೆಯವರೆಲ್ಲ ಒಟ್ಟಿಗೆ ಚಪ್ಪಾಳೆ ತಟ್ಟಿದರು, ಮೇಸ್ತ್ರಿ ಟೋಪಿ ಎಸೆದರು, ಅದು ತೊಟ್ಟಿಯೊಳಗೆ ಬಿದ್ದು ಎಂಜಿನಿಯರಮ್ಮನಿಂದ ಬೈಸಿಕೊಂಡರು.

ನನ್ನನ್ನು ನಾಲ್ಕು ಮಾತಾಡು ಎಂದು ಮುಂದೆ ತಳ್ಳಿದರು. ಕ್ಲೋರಿನ್ ಹಾಕುವುದು ನಿಲ್ಲುವುದಿಲ್ಲ, ತೊಟ್ಟಿ ತೊಳೆಯುವುದೂ ನಿಲ್ಲುವುದಿಲ್ಲ, ಈ ಬಟ್ಟೆ ಇದೆಯೆಂದು ಯಾರೂ ಮೈಮರೆಯಬೇಡಿ ಎಂದೆ. ಕೊನೆಯ ಮಾತಾಗಿ ಹೇಳಿದೆ, "ಈ ಬಟ್ಟೆಯಲ್ಲಿ ಅರ್ಧ ಕೆಲಸ ನಮ್ಮ ಯಜಮಾನರದು."

ಮಾಲೀಕರು ಕೋಟು ಸರಿಮಾಡಿಕೊಂಡು, ಏನೋ ನನ್ನ ಕೈಲಾದ್ದು ಎನ್ನುವ ಹಾಗೆ ತಲೆಬಾಗಿದರು. ಜನ ಅವರಿಗೇ ಚಪ್ಪಾಳೆ ಹೊಡೆಯತೊಡಗಿದರು. ಆಗ ಹಿಂದಿನಿಂದ ಅತ್ತೆಯ ದನಿ ಬಂತು, ನಿಮ್ಮ ಪತ್ರ ಓದುವ ದನಿಯೇ.

"ಆ ಯಜಮಾನರಲ್ಲ. ನನ್ನ ಮಗ."

ಮತ್ತೆ ಎಲ್ಲರೂ ನಕ್ಕರು. ಹಿಂದೊಮ್ಮೆ ಆ ಸಭೆಯಲ್ಲಿ ನಕ್ಕವರಲ್ಲಿ ಹೆಚ್ಚಿನವರು ಇಲ್ಲಿಯೂ ಇದ್ದರು. ಈ ಸಲ ಅವರು ನಗುತ್ತ ನಿಮ್ಮ ಹೆಸರು ಹಿಡಿದು ಚಪ್ಪಾಳೆ ಹೊಡೆದರು. ಮಾಲೀಕರೇ ಮೊದಲು ಶುರುಮಾಡಿದರು, ಅದನ್ನು ಮರೆಯದೆ ಬರೆಯಬೇಕು. ನೀವು ಅಲ್ಲಿರಲಿಲ್ಲ ಎನ್ನುವುದೊಂದೇ ಆ ದಿನದ ಕೊರತೆ.

ಈಗ ಫಿಲ್ಟರ್ ವಿಭಾಗ ಮುಚ್ಚುವ ಮಾತಿಲ್ಲ. ಇನ್ನೂ ಹೊಲಿಗೆಯವರು ಬೇಕಾಗಿದ್ದಾರೆ. ಬೇಸಿಗೆಯೆಲ್ಲ ಕೆಳಗಿನ ಬೀದಿ ಆಸ್ಪತ್ರೆಯ ಕಡೆ ತಲೆ ಹಾಕಲಿಲ್ಲ. ನೀರಿಗೆ ವಾಸನೆಯೇ ಇಲ್ಲವಾಗಿ ಟೀಗೆ ರುಚಿ ಬಂದಿದೆ ಎಂದು ಅತ್ತೆಯ ವರದಿ. ಬೇರೆ ಊರುಗಳಿಂದ ಬೇಡಿಕೆ ಬರುತ್ತಿದೆ, ಕೋಟಿಂಗ್ ವಿಭಾಗಕ್ಕೆ ಮುಖ್ಯಸ್ಥರು ಬೇಕು. ಯಾರಾದರೂ ಇದ್ದಾರೆಯೇ ಎಂದು ಮಾಲೀಕರು ನನ್ನನ್ನು ಕೇಳಿದರು. ಒಬ್ಬರಿದ್ದಾರೆ, ಸ್ವಲ್ಪ ಕೋಪಿಷ್ಠರು, ಕೇಳಿ ನೋಡುತ್ತೇನೆ ಎಂದೆ.

ಕೇಳುತ್ತಿದ್ದೇನೆ. ಬನ್ನಿ. ನಾನು ಲೇಪ ನೋಡಿಕೊಳ್ಳುತ್ತೇನೆ, ನೀವು ಬೆಂಕಿ ನೋಡಿಕೊಳ್ಳಿ. ಜಗಳವಾಗುತ್ತದೆ, ಆಗದೆ ಇರುವುದಿಲ್ಲ. ಸಭೆಯಲ್ಲಿ ನಿಮ್ಮ ತಪ್ಪು ಕಂಡರೆ ಸಭೆಯಲ್ಲೇ ಹೇಳುತ್ತೇನೆ. ನನ್ನ ತಪ್ಪು ಕಂಡರೆ ನೀವೂ ಹೇಳಿ. ಮನೆಯಲ್ಲಿ ಹೇಳಿದಾಗ ಮಾತ್ರ ಇಬ್ಬರೂ ಪೇಪರ್ ಮಡಿಸಿಟ್ಟು ಕೇಳೋಣ.

ನಿಮ್ಮ ದಾರಿ ನೋಡುತ್ತಿರುವ,
ನಿಮ್ಮ ಮನೆಯವಳು

ಮರೆತ ಮಾತು: ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಹೋದ ತಿಂಗಳಿಂದ ನಿಮ್ಮ ಊರಿನ ಘಟಕದಲ್ಲೂ ನಮ್ಮ ಚೀಲಗಳೇ ಇವೆ, ನೀವು ಕುಡಿಯುತ್ತಿರುವುದು ಅವು ಸೋಸಿದ ನೀರನ್ನೇ. ಅಷ್ಟೊಂದು ಊರುಗಳಿಂದ ಬೇಡಿಕೆ ಬಂದಿತ್ತು. ಮೊದಲು ಯಾವ ಊರಿಗೆ ಕಳಿಸೋಣ ಎಂದು ಮಾಲೀಕರು ಕೇಳುವುದನ್ನು ಮುಗಿಸುವ ಮೊದಲೇ ನಾನು ಹೇಳಿಬಿಟ್ಟಿದ್ದೆ.